ಮಿನ್ನೆಸೋಟ ಸ್ಟೇಟ್ ಫೇರ್‌ನಲ್ಲಿ ಒಂದು ದಿನ: ಕೃಷಿಕರಾದ ತಂದೆ-ತಾಯಿಗೆ ಏನು ತೋರಿಸಬೇಕು, ಏನು ತಿನ್ನಿಸಬೇಕು?

ತುಂಬೆಹೂ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ನಾವು ಅಮೆರಿಕದ ಮಿನ್ನೆಸೋಟ ರಾಜ್ಯದ ಸೇಂಟ್ ಪಾಲ್ ನಗರಕ್ಕೆ ಬಂದು ನೆಲೆಸಿದ ಮೇಲೆ ಮೊದಲ ಬಾರಿಗೆ ನನ್ನ ತಂದೆ-ತಾಯಿ ನಮ್ಮೊಂದಿಗೆ ಬೇಸಿಗೆ ಕಳೆಯಲು ಬರುತ್ತಿದ್ದಾರೆ. ಆಗಸ್ಟ್ ತಿಂಗಳ ಉತ್ತರಾರ್ಧದಲ್ಲಿ ಆರಂಭವಾಗಿ, ಸೆಪ್ಟೆಂಬರ್ ಮೊದಲ ಸೋಮವಾರ ಬರುವ ಲೇಬರ್ ಡೇ ದಿನ ಮುಗಿಯುವ ಸ್ಟೇಟ್ ಫೇರ್‌ಗೆ, ಅಂದರೆ ರಾಜ್ಯಮಟ್ಟದ ಮೇಳಕ್ಕೆ, ಅವರನ್ನು ಒಂದು ದಿನ ಕರೆದುಕೊಂಡು ಹೋಗಬೇಕೆಂಬ ಆಸೆಯಿದೆ. ನಾನು ಕೂಡ ಅದನ್ನು ಇನ್ನೂ ನೋಡಿಲ್ಲ.

ನನ್ನ ಗೊಂದಲವೇನೆಂದರೆ, ಕಚೇರಿಯಲ್ಲಿ ಯಾರನ್ನು ಕೇಳಿದರೂ ತಿನಿಸುಗಳ ಹೆಸರನ್ನಷ್ಟೇ ಹೇಳುತ್ತಾರೆ. ಕಡ್ಡಿಗೆ ಚುಚ್ಚಿದ ಇಂಥದ್ದನ್ನು ತಿನ್ನಿ, ಎಣ್ಣೆಯಲ್ಲಿ ಕರಿದ ಅಂಥದ್ದನ್ನು ಬಿಡಬೇಡಿ ಎನ್ನುವ ಸಲಹೆಗಳೇ ಹೆಚ್ಚು. ಆದರೆ ನನ್ನ ತಂದೆ ಜೀವನಪೂರ್ತಿ ಕೃಷಿ ಮಾಡಿದವರು. ಇಂದಿಗೂ ಮನೆಯಲ್ಲಿ ಹಸುಗಳನ್ನು ಸಾಕಿದ್ದಾರೆ. ತಾಯಿ ಮೊಟ್ಟೆಯನ್ನೂ ಮುಟ್ಟದ ಸಸ್ಯಾಹಾರಿ, ಜೊತೆಗೆ ಅವರಿಗೆ ಮಂಡಿ ನೋವಿದೆ. ಇಂಥವರಿಗೆ ಇಡೀ ದಿನ ಕಳೆಯುವಷ್ಟು ಅಲ್ಲಿ ಏನಾದರೂ ಇದೆಯೇ? ಇದ್ದರೆ ಎಲ್ಲಿಂದ ಆರಂಭಿಸಿ ಯಾವ ಕ್ರಮದಲ್ಲಿ ನೋಡಬೇಕು? ಊಟಕ್ಕೆ ಏನು ಮಾಡಬೇಕು? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರದ ಗಾಳಿ

ತುಂಬೆಹೂ ಅವರೇ, ನಿಮ್ಮ ತಂದೆಯವರು ಕೃಷಿಕರೆಂದು ಓದಿ ತುಂಬ ಸಂತೋಷವಾಯಿತು, ಏಕೆಂದರೆ ಈ ಮೇಳ ಹುಟ್ಟಿದ್ದೇ ಅವರಂಥವರಿಗಾಗಿ. ಮಿನ್ನೆಸೋಟ ಒಂದು ರಾಜ್ಯವಾಗಿ ರೂಪುಗೊಂಡದ್ದು 1858ರಲ್ಲಿ. ಅದರ ಮರುವರ್ಷವೇ, 1859ರಲ್ಲಿ, ಹೊಸದಾಗಿ ಬಂದು ನೆಲೆಸುತ್ತಿದ್ದ ರೈತರಿಗೆ ಇಲ್ಲಿನ ಮಣ್ಣಿನಲ್ಲಿ ಏನೇನು ಬೆಳೆಯುತ್ತದೆ ಎಂಬುದನ್ನು ತೋರಿಸಲು ಮೊದಲ ಸ್ಟೇಟ್ ಫೇರ್ ನಡೆಯಿತು. ಕೆಲವು ವರ್ಷ ಊರಿಂದೂರಿಗೆ ಅಲೆದು, ರಾಮ್ಸಿ ಕೌಂಟಿ (ನಮ್ಮ ಜಿಲ್ಲೆಯಂಥ ವಿಭಾಗ) ದಾನವಾಗಿ ಕೊಟ್ಟ ಜಮೀನಿನಲ್ಲಿ 1885ರಿಂದ ಅದು ನೆಲೆ ನಿಂತಿದೆ. ಈಗ ಫಾಲ್ಕನ್ ಹೈಟ್ಸ್ ಎನ್ನುವ ಪುಟ್ಟ ಊರಿನೊಳಗೆ 322 ಎಕರೆಗಳಷ್ಟು ಜಾಗ ಅದರದ್ದು. ಇಂದಿಗೂ ಅದನ್ನು ನಡೆಸುವುದು ಸ್ಟೇಟ್ ಅಗ್ರಿಕಲ್ಚರಲ್ ಸೊಸೈಟಿ ಎಂಬ ಕೃಷಿ ಸಂಘವೇ. ಆದ್ದರಿಂದ ತಿನಿಸಿನ ಪಟ್ಟಿಯನ್ನು ಪಕ್ಕಕ್ಕಿಟ್ಟು, ಮೊದಲು ದನಕರುಗಳ ಕೊಟ್ಟಿಗೆ, ಆಮೇಲೆ ಬೆಳೆಗಳ ಕಟ್ಟಡ, ಅವೆರಡರ ನಡುನಡುವೆ ಊಟ ಎಂಬ ಕ್ರಮವನ್ನು ಇಟ್ಟುಕೊಳ್ಳಿ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಹನ್ನೆರಡು ದಿನಗಳಲ್ಲಿ ಯಾವ ದಿನ ಹೋಗುತ್ತೀರಿ ಎಂಬುದೇ ಅರ್ಧ ಫಲಿತಾಂಶವನ್ನು ನಿರ್ಧರಿಸುತ್ತದೆ. 2019ರಲ್ಲಿ ಒಟ್ಟು 21 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. 2018ರ ಸೆಪ್ಟೆಂಬರ್ 1ರ ಶನಿವಾರ ಒಂದೇ ದಿನ 2,70,426 ಜನ ಸೇರಿದ್ದರು. ಅಂಥ ದಿನ ಮಂಡಿ ನೋವಿರುವವರನ್ನು ಕರೆದೊಯ್ದರೆ ನೋಡುವುದಕ್ಕಿಂತ ನೂಕುನುಗ್ಗಲಿನಲ್ಲಿ ನಿಲ್ಲುವುದೇ ಹೆಚ್ಚಾಗುತ್ತದೆ. ಆದ್ದರಿಂದ ವಾರದ ನಡುವಿನ ಒಂದು ದಿನವನ್ನು ಆರಿಸಿ, ಬೆಳಿಗ್ಗೆ ಗೇಟು ತೆರೆಯುವ ಏಳು ಗಂಟೆಗೇ ಒಳಗಿರಿ. ಕಟ್ಟಡಗಳೊಳಗಿನ ಪ್ರದರ್ಶನಗಳು ಹೆಚ್ಚಾಗಿ ಒಂಬತ್ತು ಗಂಟೆಗೆ ತೆರೆಯುತ್ತವೆ. ಅಲ್ಲಿಯವರೆಗಿನ ತಂಪು ಹೊತ್ತು ಕೊಟ್ಟಿಗೆಗಳಿಗೆ ಹೇಳಿ ಮಾಡಿಸಿದ್ದು. ಆ ಹೊತ್ತಿನಲ್ಲಿ ದನಗಳಿಗೆ ಮೈ ತೊಳೆಸಿ, ಕೂದಲು ಕತ್ತರಿಸಿ, ಹುಲ್ಲು ಹಾಸು ಬದಲಿಸುವ ಕೆಲಸ ನಡೆಯುತ್ತಿರುತ್ತದೆ. ಸಾಕಿದವರೂ ಪಕ್ಕದಲ್ಲೇ ಇರುತ್ತಾರೆ. ನಿಮ್ಮ ತಂದೆಯವರಿಗೆ ಮಾತನಾಡುವ ಆಸೆಯಿದ್ದರೆ ನೀವು ಅನುವಾದಕರಾಗಿ ನಿಲ್ಲಬೇಕಾಗುತ್ತದೆ, ಅಷ್ಟೆ.

ಕೊಟ್ಟಿಗೆಗಳಿಂದ ಹೊರಬಂದ ಮೇಲೆ ಅಲ್ಲೇ ಸಮೀಪದಲ್ಲಿರುವ ಮಿರಾಕಲ್ ಆಫ್ ಬರ್ತ್ ಸೆಂಟರ್‌ಗೆ ಹೋಗಿ. ಗಬ್ಬದ ಹಸು, ಕುರಿ, ಆಡು, ಹಂದಿಗಳನ್ನು ಅಲ್ಲಿ ಇರಿಸಿರುತ್ತಾರೆ. ಮೇಳ ಮುಗಿಯುವಷ್ಟರಲ್ಲಿ 200ರ ಸುಮಾರು ಮರಿಗಳು ಜನರ ಕಣ್ಣೆದುರಿಗೇ ಹುಟ್ಟುತ್ತವೆ. ವಿಶ್ವವಿದ್ಯಾಲಯದ ಪಶುವೈದ್ಯಕೀಯ ವಿಭಾಗದವರು ಹತ್ತಿರ ನಿಂತು ಹೆರಿಗೆಯ ಪ್ರತಿ ಹಂತವನ್ನೂ ವಿವರಿಸುತ್ತಾರೆ. ನಗರದ ಮಕ್ಕಳು ಅಲ್ಲಿ ಬೆರಗಾಗಿ ನಿಲ್ಲುತ್ತಾರೆ. ಕರು ಹಾಕಿಸಿದ ಅನುಭವವಿರುವ ನಿಮ್ಮ ತಂದೆಯವರು ಬೇರೆಯೇ ಕಣ್ಣಿನಿಂದ ನೋಡುತ್ತಾರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಬಿಸಿಲೇರಿದ ಮೇಲೆ ಅಗ್ರಿಕಲ್ಚರ್ ಹಾರ್ಟಿಕಲ್ಚರ್ ಕಟ್ಟಡದೊಳಕ್ಕೆ ಹೋಗಿ, ಅಲ್ಲಿ ಕನಿಷ್ಠ ಎರಡು ಗಂಟೆ ಇರಿ. ಸಾವಿರ ಪೌಂಡಿಗೂ ಮೀರಿ ತೂಗುವ ಕುಂಬಳಕಾಯಿ, ತೆನೆ ತೆನೆಯಾಗಿ ಜೋಡಿಸಿಟ್ಟ ಜೋಳ, ತಟ್ಟೆಗಳಲ್ಲಿ ಒಂದೇ ಗಾತ್ರಕ್ಕೆ ಆರಿಸಿಟ್ಟ ಆಲೂಗಡ್ಡೆ, ಜೇನು, ಸೇಬು ಎಲ್ಲವೂ ಅಲ್ಲಿವೆ. ಆದರೆ ನೀವು ಖಂಡಿತವಾಗಿ ಹುಡುಕಿಕೊಂಡು ಹೋಗಬೇಕಾದದ್ದು ಬೀಜಗಳಿಂದ ಮಾಡಿದ ಚಿತ್ರಗಳ ವಿಭಾಗ. 1965ರಿಂದ ನಡೆದುಬಂದಿರುವ ಈ ಸ್ಪರ್ಧೆಯಲ್ಲಿ ಮಿನ್ನೆಸೋಟದಲ್ಲಿ ಬೆಳೆಯುವ ಬೆಳೆಗಳ ಬೀಜಗಳನ್ನೇ ಒಂದೊಂದಾಗಿ ಅಂಟಿಸಿ ಚಿತ್ರ ಮೂಡಿಸುತ್ತಾರೆ. ಲಿಲಿಯನ್ ಕೋಲ್ಟನ್ ಎಂಬ ಕಲಾವಿದೆ ಪ್ರಸಿದ್ಧ ವ್ಯಕ್ತಿಗಳ ಮುಖಗಳನ್ನು ಬೀಜಗಳಲ್ಲಿ ಬಿಡಿಸಿ ಈ ಕಲೆಗೆ ದೊಡ್ಡ ಹೆಸರು ತಂದವರು. ದೂರದಿಂದ ಬಣ್ಣ ಬಳಿದಂತೆ ಕಾಣುವ ಕೆನ್ನೆಯ ನೆರಳು ಹತ್ತಿರ ಹೋದಾಗ ಅಗಸೆ, ರಾಗಿಯಂಥ ಸಣ್ಣ ಕಾಳುಗಳು, ಸಾಸಿವೆ ಜಾತಿಯ ಬೀಜಗಳಾಗಿ ಬಿಡಿಬಿಡಿಯಾಗುತ್ತದೆ. ಯಾವ ಭಾಗಕ್ಕೆ ಯಾವ ಬೀಜ ಬಳಸಿದ್ದಾರೆಂದು ತಿಳಿಯಲು ಸ್ಪರ್ಧಿಗಳು ಬೀಜಗಳ ಪಟ್ಟಿಯನ್ನೂ ಚಿತ್ರದೊಂದಿಗೆ ಕೊಟ್ಟಿರುತ್ತಾರೆ. ತಂದೆಯವರು ಪಟ್ಟಿ ನೋಡುವ ಮೊದಲೇ ಎಷ್ಟು ಬೀಜ ಗುರುತಿಸುತ್ತಾರೆ ನೋಡಿ.

ತಾಯಿಯವರಿಗಾಗಿ ಕ್ರಿಯೇಟಿವ್ ಆಕ್ಟಿವಿಟೀಸ್ ಕಟ್ಟಡವನ್ನು ಮರೆಯಬೇಡಿ. ಮನೆಗಳಲ್ಲಿ ಹೊಲಿದ ಕೌದಿಗಳು, ಹೆಣಿಗೆ, ಕಸೂತಿ, ಜಾಮ್, ಉಪ್ಪಿನಕಾಯಿ, ಬ್ರೆಡ್ ಎಲ್ಲದಕ್ಕೂ ಅಲ್ಲಿ ಬಹುಮಾನಗಳಿವೆ. ನೀಲಿ ರಿಬ್ಬನ್ ಎಂದರೆ ಮೊದಲ ಸ್ಥಾನ.

ಒಗ್ಗರಣೆ

ಮೇಲಿನ ಉತ್ತರದೊಂದಿಗೆ ನನ್ನದೊಂದು ಗೌರವಪೂರ್ವಕ ಭಿನ್ನಾಭಿಪ್ರಾಯವಿದೆ. ತಿನಿಸನ್ನು ಪಕ್ಕಕ್ಕಿಟ್ಟು ಈ ಮೇಳವನ್ನು ನೋಡಲಾಗದು. ಸುಮಾರು 300 ಅಂಗಡಿಗಳಲ್ಲಿ 500ರಷ್ಟು ಬಗೆಯ ತಿನಿಸುಗಳು ಸಿಗುವ ಜಾಗವದು. ಹಲವು ಅಂಗಡಿಗಳನ್ನು ಒಂದೇ ಕುಟುಂಬದವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದ್ದಾರೆ. ಹ್ಯಾಮ್ಲಿನ್ ಚರ್ಚಿನವರ ಊಟದ ಮನೆ 1897ರಿಂದಲೂ ಇದೆ. ಸಾಸೇಜನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಕಡ್ಡಿಯಲ್ಲಿ ಕೊಡುವ ಪ್ರಾಂಟೊ ಪಪ್ ಇಲ್ಲಿಗೆ ಬಂದದ್ದು 1947ರಲ್ಲಿ. ಅದು ಮಾಂಸದ್ದು, ನಿಮಗೆ ಬೇಡ, ಆದರೆ ಅದರ ಮುಂದಿನ ಸಾಲು ನೋಡಿದರೆ ಈ ಜನರಿಗೆ ಈ ಮೇಳ ಏನೆಂಬುದು ಅರ್ಥವಾಗುತ್ತದೆ.

ಈಗ ನಿಮ್ಮ ತಾಯಿಯವರ ಊಟದ ವಿಷಯಕ್ಕೆ ಬರುತ್ತೇನೆ. ಇಲ್ಲಿ ಮಾಂಸವಿಲ್ಲ ಎಂದರೆ ಸಸ್ಯಾಹಾರ ಎನ್ನುತ್ತಾರೆ. ಮೊಟ್ಟೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಪ್ರತಿ ಅಂಗಡಿಯಲ್ಲೂ ಮೂರು ವಿಷಯ ಕೇಳಬೇಕು: ಹಿಟ್ಟಿನಲ್ಲಿ ಮೊಟ್ಟೆ ಇದೆಯೇ, ಅದೇ ಎಣ್ಣೆಯಲ್ಲಿ ಮಾಂಸವನ್ನೂ ಕರಿಯುತ್ತಾರೆಯೇ, ಪೇಸ್ಟ್ರಿಯಂಥದ್ದಾದರೆ ಹಂದಿಯ ಕೊಬ್ಬು ಬಳಸಿದ್ದಾರೆಯೇ. ಕೇಳಿದರೆ ಯಾರೂ ಬೇಸರಿಸುವುದಿಲ್ಲ. ಅಲರ್ಜಿಯಿರುವ ಗ್ರಾಹಕರು ಹೆಚ್ಚಾಗಿರುವುದರಿಂದ ಇಂಥ ಪ್ರಶ್ನೆಗಳು ಅವರಿಗೆ ಹೊಸದಲ್ಲ. ಮೇಳದ ಜಾಲತಾಣದಲ್ಲಿ ತಿನಿಸು ಹುಡುಕುವ ಸೌಲಭ್ಯವಿದ್ದು, ಸಸ್ಯಾಹಾರಿ, ವೀಗನ್ (ಹಾಲು, ಮೊಟ್ಟೆ ಸೇರಿ ಪ್ರಾಣಿಮೂಲದ ಏನೂ ಇಲ್ಲದ್ದು) ಎಂದು ಬೇರ್ಪಡಿಸಿ ನೋಡಬಹುದು. ತಾಯಿಯವರು ಹಾಲು ಕುಡಿಯುವವರಾದರೂ ನೀವು ವೀಗನ್ ಪಟ್ಟಿಯಿಂದಲೇ ಆರಂಭಿಸಿ, ಏಕೆಂದರೆ ಅದರಲ್ಲಿ ಮೊಟ್ಟೆ ಇರುವುದಿಲ್ಲವೆಂಬ ಭರವಸೆ ಇರುತ್ತದೆ. ಹಾಲಿನ ಪದಾರ್ಥಗಳನ್ನು ಆಮೇಲೆ ಸೇರಿಸಿಕೊಳ್ಳಿ.

ನನ್ನ ಮಟ್ಟಿಗೆ ಅಲ್ಲಿನ ಅತ್ಯುತ್ತಮ ತಿನಿಸು ಸುಟ್ಟ ಸಿಹಿಜೋಳವೇ. ಸಿಪ್ಪೆಯ ಸಮೇತ ಸುಟ್ಟು, ಸಿಪ್ಪೆಯನ್ನು ಹಿಂದಕ್ಕೆ ಮಡಚಿ ಹಿಡಿಯಾಗಿಸಿ, ತೆನೆಯನ್ನು ಕರಗಿದ ಬೆಣ್ಣೆಯಲ್ಲಿ ಅದ್ದಿ ಕೊಡುತ್ತಾರೆ. ಆಗಸ್ಟ್ ಕೊನೆ ಎಂದರೆ ಇಲ್ಲಿ ಸಿಹಿಜೋಳದ ಸುಗ್ಗಿ, ಹೀಗಾಗಿ ಕಾಳು ಹಲ್ಲಿಗೆ ತಾಗುತ್ತಲೇ ಹಾಲು ಚಿಮ್ಮುತ್ತದೆ. ತಾಯಿಯವರಿಗೂ ಯಾವ ಸಂಕೋಚವೂ ಇಲ್ಲದೆ ತಿನ್ನಬಹುದಾದದ್ದು ಇದು. ಎರಡನೆಯದು ಹಾಲು. ಒಮ್ಮೆ ಹಣ ಕೊಟ್ಟರೆ ಬೇಕಾದಷ್ಟು ಸಲ ಲೋಟ ತುಂಬಿಸಿಕೊಡುವ ಹಾಲಿನ ಕಟ್ಟೆಯೊಂದಿದೆ. ಬಿಸಿಲಿನಲ್ಲಿ ನಡೆದು ಬಂದವರಿಗೆ ಆ ತಣ್ಣನೆಯ ಹಾಲು ಅಮೃತ. ಮೂರನೆಯದು, ಬೆಳೆಗಳ ಕಟ್ಟಡದಲ್ಲಿ ಸೇಬು ಬೆಳೆಗಾರರು ಮಾರುವ ಹೆಪ್ಪುಗಟ್ಟಿಸಿದ ಸೇಬಿನ ರಸ. ಈಗ ಲೋಕವೆಲ್ಲ ತಿನ್ನುವ ಹನಿಕ್ರಿಸ್ಪ್ ಸೇಬನ್ನು ಅಭಿವೃದ್ಧಿಪಡಿಸಿ 1991ರಲ್ಲಿ ಬಿಡುಗಡೆ ಮಾಡಿದ್ದು ಇದೇ ಮಿನ್ನೆಸೋಟ ವಿಶ್ವವಿದ್ಯಾಲಯ ಎಂಬುದನ್ನು ತಂದೆಯವರಿಗೆ ತಿಳಿಸಿ. ಚಳಿ ಶೂನ್ಯಕ್ಕಿಂತ ಮೂವತ್ತು ಡಿಗ್ರಿ ಕೆಳಗಿಳಿಯುವ ನೆಲದಲ್ಲಿ ಬದುಕುಳಿಯುವ ಸೇಬಿನ ಮರವನ್ನು ಸೃಷ್ಟಿಸುವುದು ಸಣ್ಣ ಮಾತಲ್ಲ, ಅದರ ಹಿಂದೆ ದಶಕಗಳ ಕಸಿ ಮತ್ತು ಆಯ್ಕೆಯ ಕೆಲಸವಿದೆ.

ಚೀಸ್ ಕರ್ಡ್ಸ್ ಬಗ್ಗೆ ಎಲ್ಲರೂ ಹೇಳಿಯೇ ಹೇಳುತ್ತಾರೆ, ಆದ್ದರಿಂದ ಸ್ವಲ್ಪ ವಿವರಿಸುತ್ತೇನೆ. ಹಾಲು ಒಡೆಸಿ ಚೀಸ್ ಮಾಡುವಾಗ, ಅಚ್ಚಿಗೆ ಹಾಕಿ ಒತ್ತುವ ಮೊದಲು ಸಿಗುವ ಹೊಸ ಗಟ್ಟಿ ತುಣುಕುಗಳಿವು. ತಾಜಾ ಇದ್ದಾಗ ಅಗಿದರೆ ಹಲ್ಲಿನ ನಡುವೆ ಕಿರ್ ಎನ್ನುತ್ತವೆ; ಒಂದೆರಡು ದಿನದಲ್ಲಿ ಆ ಗುಣ ಹೋಗುತ್ತದೆ. ಮೇಳದಲ್ಲಿ ಅವನ್ನು ಹಿಟ್ಟಿನಲ್ಲಿ ಅದ್ದಿ ಕರಿದು ಕೊಡುತ್ತಾರೆ. ಮೊಟ್ಟೆಯ ಪ್ರಶ್ನೆಯ ಜೊತೆಗೆ ಇಲ್ಲಿ ರೆನೆಟ್ ಪ್ರಶ್ನೆಯೂ ಇದೆ: ಹಾಲು ಒಡೆಸುವ ಆ ಕಿಣ್ವವನ್ನು ಹಿಂದೆ ಕರುವಿನ ಜಠರದಿಂದ ತೆಗೆಯುತ್ತಿದ್ದರು; ಈಗ ಅಮೆರಿಕದ ಬಹುಪಾಲು ಚೀಸ್‌ಗೆ ಸೂಕ್ಷ್ಮಜೀವಿಗಳಿಂದ ತಯಾರಿಸಿದ್ದನ್ನೇ ಬಳಸುತ್ತಾರೆ, ಆದರೂ ಎಲ್ಲರೂ ಹಾಗೆಂದು ಹೇಳಲಾಗದು. ತಾಯಿಯವರಿಗೆ ಈ ವಿಷಯದಲ್ಲಿ ನಿಷ್ಠೆಯಿದ್ದರೆ ಅದನ್ನು ನೀವಿಬ್ಬರೇ ತಿನ್ನಿ. ಸ್ವೀಟ್ ಮಾರ್ಥಾ ಎಂಬ ಅಂಗಡಿಯ ಚಾಕೊಲೇಟ್ ಕುಕೀಗಳಲ್ಲಿ ಮೊಟ್ಟೆಯಿದೆ. ಮಾರ್ಷ್‌ಮ್ಯಾಲೊ ಇರುವ ಸಿಹಿಗಳಲ್ಲಿ ಪ್ರಾಣಿಮೂಲದ ಜೆಲಾಟಿನ್ ಇರುತ್ತದೆ. ಇಂಟರ್ನ್ಯಾಷನಲ್ ಬಜಾರ್ ಭಾಗದಲ್ಲಿ ಸಿಗುವ ಫಲಾಫೆಲ್ (ಕಾಬೂಲಿ ಕಡಲೆ ರುಬ್ಬಿ ಕರಿದ ವಡೆ) ಹೊಟ್ಟೆ ತುಂಬುವ ಊಟವಾಗಬಲ್ಲದು, ಎಣ್ಣೆಯ ಬಗ್ಗೆ ಮಾತ್ರ ಕೇಳಿ.

ಒಂದೊಂದು ತಿನಿಸಿನ ಪ್ರಮಾಣ ದೊಡ್ಡದು. ನಾಲ್ವರಿಗೆ ಒಂದನ್ನೇ ಕೊಂಡು ಹಂಚಿಕೊಂಡರೆ ಸಂಜೆಯವರೆಗೆ ಆರೆಂಟು ರುಚಿ ನೋಡಬಹುದು. ಆರಂಭದಲ್ಲೇ ತಲೆಗೊಂದರಂತೆ ಕೊಂಡರೆ ಹನ್ನೊಂದು ಗಂಟೆಗೆ ಹೊಟ್ಟೆಯೂ ಕೈಚೀಲವೂ ಮುಷ್ಕರ ಹೂಡುತ್ತವೆ. ಮನೆಯಿಂದ ಊಟ, ನೀರು ತರುವುದಕ್ಕೆ ಅಡ್ಡಿಯಿಲ್ಲ. ತಾಯಿಯವರಿಗೆಂದು ಒಂದು ಡಬ್ಬಿ ಮೊಸರನ್ನ ಕಟ್ಟಿಕೊಂಡು ಹೋಗುವುದು ಜಾಣತನ.

ಹುಲ್ಲುಗಾವಲು

ನನ್ನ ಮಗಳು 4-ಎಚ್ ಎಂಬ ಯುವಜನ ಕಾರ್ಯಕ್ರಮದಲ್ಲಿದ್ದು ಕರು ಸಾಕಿ ಪ್ರದರ್ಶಿಸಿದವಳು. ಹಾಗಾಗಿ ಕೊಟ್ಟಿಗೆಗಳ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ.

ದನಗಳು ಹನ್ನೆರಡು ದಿನವೂ ಅವೇ ಇರುವುದಿಲ್ಲ. ಮೊದಲ ವಾರಾಂತ್ಯದಲ್ಲಿ 4-ಎಚ್ ಮಕ್ಕಳ ಪ್ರಾಣಿಗಳಿರುತ್ತವೆ; ಆಮೇಲೆ ಎಲ್ಲ ವಯಸ್ಸಿನ ಸಾಕಣೆದಾರರ ಮುಕ್ತ ಪ್ರದರ್ಶನಗಳು ತಳಿವಾರು ನಡೆಯುತ್ತವೆ; ಕೊನೆಯ ವಾರಾಂತ್ಯದಲ್ಲಿ ಎಫ್‌ಎಫ್‌ಎ ಎಂಬ, ಶಾಲೆಗಳಲ್ಲಿ ಕೃಷಿ ಕಲಿಯುವ ವಿದ್ಯಾರ್ಥಿಗಳ ಸಂಘದವರು ಬರುತ್ತಾರೆ. ಒಂದು ಗುಂಪು ಹೊರಟು ಇನ್ನೊಂದು ಬರುವ ನಡುವೆ ಕೊಟ್ಟಿಗೆಯ ಸಾಲುಗಳು ಖಾಲಿಯಾಗಿರಬಹುದು. ಆದ್ದರಿಂದ ದಿನವನ್ನು ನಿರ್ಧರಿಸುವ ಮೊದಲು ಜಾಲತಾಣದಲ್ಲಿ ಆ ದಿನದ ಪ್ರಾಣಿಗಳ ವೇಳಾಪಟ್ಟಿ ನೋಡಿ, ಹಾಲು ಕರೆಯುವ ಹಸುಗಳ ತೀರ್ಪು ಎಂದಿದೆಯೋ ಅಂದೇ ಹೋಗಿ. ಜನಜಂಗುಳಿಗಿಂತ ಇದು ಮುಖ್ಯ ಎಂದು ನಾನು ಹೇಳುತ್ತೇನೆ.

ತೀರ್ಪಿನ ಅಂಗಳದಲ್ಲಿ ಕುಳಿತುಕೊಳ್ಳಲು ಮೆಟ್ಟಿಲಾಸನಗಳಿವೆ, ತಾಯಿಯವರ ಮಂಡಿಗೂ ವಿಶ್ರಾಂತಿ. ಬಿಳಿ ಉಡುಪು ತೊಟ್ಟವರು ಹಸುಗಳನ್ನು ನಿಧಾನವಾಗಿ ಸುತ್ತು ಹಾಕಿಸುತ್ತಾರೆ. ತೀರ್ಪುಗಾರರು ಕೆಚ್ಚಲು ಹೊಟ್ಟೆಗೆ ಎಷ್ಟು ಬಿಗಿಯಾಗಿ ಅಂಟಿಕೊಂಡಿದೆ, ಹಿಂಗಾಲು ಮತ್ತು ಗೊರಸು ನೆಟ್ಟಗಿವೆಯೇ, ಪಕ್ಕೆಲುಬುಗಳ ನಡುವೆ ಅಗಲವಿದೆಯೇ, ಬೆನ್ನಿನ ಗೆರೆ ಸಮನಾಗಿದೆಯೇ ಎಂದು ನೋಡಿ ಸಾಲಾಗಿ ನಿಲ್ಲಿಸುತ್ತಾರೆ. ಆಮೇಲೆ ಮೈಕ್ ಹಿಡಿದು, ಮೊದಲನೆಯ ಹಸುವನ್ನು ಎರಡನೆಯದಕ್ಕಿಂತ ಮೇಲೆ ಇಟ್ಟದ್ದೇಕೆ, ಎರಡನೆಯದನ್ನು ಮೂರನೆಯದಕ್ಕಿಂತ ಮೇಲೆ ಇಟ್ಟದ್ದೇಕೆ ಎಂದು ಎಲ್ಲರೆದುರು ಕಾರಣ ಕೊಡುತ್ತಾರೆ. ಈ ಭಾಗವೇ ನನಗೆ ಅತ್ಯಂತ ಪ್ರಿಯವಾದದ್ದು. ತೀರ್ಪಿಗೆ ಕಾರಣ ಹೇಳಬೇಕೆಂಬ ಶಿಸ್ತು ಹತ್ತು-ಹನ್ನೆರಡು ವಯಸ್ಸಿನ ಮಕ್ಕಳ ಸ್ಪರ್ಧೆಯಲ್ಲೂ ತಪ್ಪುವುದಿಲ್ಲ, ಸೋತ ಮಗುವಿಗೂ ಮುಂದಿನ ವರ್ಷ ಏನು ತಿದ್ದಿಕೊಳ್ಳಬೇಕೆಂಬುದು ತಿಳಿಯುತ್ತದೆ. ಇಲ್ಲಿಗೆ ಬರುವ ಮೊದಲು ಆ ಮಕ್ಕಳು ತಮ್ಮ ತಮ್ಮ ಕೌಂಟಿಯ ಮೇಳದಲ್ಲಿ ಆಯ್ಕೆಯಾಗಿರಬೇಕು. ರಾಜ್ಯದಲ್ಲಿ ಅಂಥ 87 ಕೌಂಟಿಗಳಿವೆ.

ಹಾಲ್‌ಸ್ಟೀನ್, ಜರ್ಸಿ, ಬ್ರೌನ್ ಸ್ವಿಸ್, ಗರ್ನ್ಸಿ, ಏರ್‌ಶೈರ್, ಮಿಲ್ಕಿಂಗ್ ಶಾರ್ಟ್‌ಹಾರ್ನ್ ತಳಿಗಳನ್ನು ಅಕ್ಕಪಕ್ಕದಲ್ಲಿ ನೋಡುವ ಅವಕಾಶ ಇನ್ನೆಲ್ಲೂ ಸುಲಭವಾಗಿ ಸಿಗದು. ದಿನಕ್ಕೆಷ್ಟು ಹಾಲು ಎಂದು ನಿಮ್ಮ ತಂದೆಯವರು ಮೊದಲೇ ಕೇಳುತ್ತಾರೆ, ಅದಕ್ಕೆ ಉತ್ತರ ಸಿದ್ಧವಿಟ್ಟುಕೊಳ್ಳಿ: ಅಮೆರಿಕದಲ್ಲಿ ಒಂದು ಹಸುವಿನ ಸರಾಸರಿ ವಾರ್ಷಿಕ ಇಳುವರಿ 24,000 ಪೌಂಡಿನಷ್ಟು, ಅಂದರೆ ಹತ್ತಿರಹತ್ತಿರ 11,000 ಕಿಲೋ. ಅದರ ಹಿಂದಿರುವ ಮೇವು, ಜೋಳದ ಸೈಲೇಜ್ (ಹುದುಗಿಸಿಟ್ಟ ಹಸಿ ಮೇವು), ತಳಿ ಆಯ್ಕೆ, ಖರ್ಚು ಇವುಗಳ ಬಗ್ಗೆ ಕೊಟ್ಟಿಗೆಯಲ್ಲಿರುವವರು ಬಿಚ್ಚುಮನಸ್ಸಿನಿಂದ ಮಾತನಾಡುತ್ತಾರೆ. ಮುಟ್ಟುವ ಮೊದಲು ಕೇಳಿ. ಹೊರಬಂದ ಮೇಲೆ ಕೈ ತೊಳೆಯಿರಿ, ಅದಕ್ಕಾಗಿ ಅಲ್ಲಲ್ಲಿ ನಲ್ಲಿಗಳಿವೆ. 2015ರಲ್ಲಿ ಹಕ್ಕಿಜ್ವರದಿಂದಾಗಿ ಕೋಳಿಗಳ ಪ್ರದರ್ಶನವನ್ನೇ ನಿಲ್ಲಿಸಬೇಕಾಗಿ ಬಂದಿತ್ತು, ಆದ್ದರಿಂದ ರೋಗದ ವಿಷಯದಲ್ಲಿ ಅವರು ಬಹಳ ಎಚ್ಚರಿಕೆಯಿಂದಿರುತ್ತಾರೆ.

ಡೈರಿ ಕಟ್ಟಡದಲ್ಲಿ ಬೆಣ್ಣೆಯ ಶಿಲ್ಪಗಳಿವೆ. ಹೈನುಗಾರಿಕೆಯ ಪ್ರತಿನಿಧಿಯಾಗಿ ಪ್ರತಿ ವರ್ಷ ಆಯ್ಕೆಯಾಗುವ 'ಪ್ರಿನ್ಸೆಸ್ ಕೇ ಆಫ್ ದಿ ಮಿಲ್ಕಿ ವೇ' ಮತ್ತು ಅಂತಿಮ ಸುತ್ತಿಗೆ ಬಂದ ಉಳಿದ ಯುವತಿಯರ ತಲೆಗಳನ್ನು 90 ಪೌಂಡ್, ಅಂದರೆ ಸುಮಾರು 40 ಕಿಲೋ ತೂಕದ ಒಂದೊಂದು ಬೆಣ್ಣೆಯ ಗಟ್ಟಿಯಲ್ಲಿ ಕೆತ್ತುತ್ತಾರೆ. ಸುತ್ತುತ್ತಿರುವ ಗಾಜಿನ ಶೀತಲ ಕೋಣೆಯಲ್ಲಿ, 40 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸಿನ ಚಳಿಯಲ್ಲಿ, ಯುವತಿ ಎದುರು ಕುಳಿತಿರುತ್ತಾಳೆ, ಶಿಲ್ಪಿ ಗಂಟೆಗಟ್ಟಲೆ ಕೆತ್ತುತ್ತಿರುತ್ತಾರೆ. ಲಿಂಡಾ ಕ್ರಿಸ್ಟೆನ್ಸನ್ 1972ರಿಂದ 2021ರವರೆಗೆ ಈ ಕೆಲಸ ಮಾಡಿದರು. ಬೆಣ್ಣೆ ವ್ಯರ್ಥವಾಗುತ್ತದೆಂದು ತಾಯಿಯವರು ನೊಂದುಕೊಂಡರೆ ಸಮಾಧಾನ ಹೇಳಿ: ಶಿಲ್ಪವನ್ನು ಆಯಾ ಯುವತಿಯೇ ಮನೆಗೆ ಒಯ್ಯುತ್ತಾಳೆ, ಎಷ್ಟೋ ಬಾರಿ ಅದು ಊರಿನ ಜೋಳದ ಔತಣದಲ್ಲಿ ತೆನೆಗಳಿಗೆ ಸವರಲು ಬಳಕೆಯಾಗುತ್ತದೆ.

ತುಂಬೆಹೂ

ಇಷ್ಟು ವಿವರವಾಗಿ ಬರೆದ ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಅಪ್ಪನಿಗೆ ಫೋನಿನಲ್ಲಿ ತೀರ್ಪಿನ ವಿಷಯ ಓದಿ ಹೇಳಿದೆ. ಕೆಚ್ಚಲಿನ ಬಗ್ಗೆ ಅವರಾಗಲೇ ತಮ್ಮ ಅಭಿಪ್ರಾಯ ಹೇಳಲಾರಂಭಿಸಿದ್ದಾರೆ. ಹಸುಗಳ ತೀರ್ಪಿರುವ, ಆದರೆ ಶನಿವಾರ-ಭಾನುವಾರವಲ್ಲದ ದಿನವನ್ನೇ ಹುಡುಕುತ್ತೇನೆ. ಕೊನೆಯದಾಗಿ ಒಂದು ಪ್ರಶ್ನೆ: ಕಾರಿನಲ್ಲಿ ಹೋಗುವುದು ಒಳ್ಳೆಯದೋ ಬಸ್ಸಿನಲ್ಲೋ? ಅಮ್ಮ ಇಡೀ ದಿನ ನಡೆಯಲಾರರು, ಆದರೆ ಗಾಲಿಕುರ್ಚಿ ಎಂದರೆ ಒಪ್ಪುವುದೂ ಇಲ್ಲ.

ಉತ್ತರದ ಗಾಳಿ

ಮೇಳದ ಸುತ್ತಮುತ್ತ ಕಾರು ನಿಲ್ಲಿಸುವ ಜಾಗ ಬೆಳಿಗ್ಗೆಯೇ ತುಂಬಿಹೋಗುತ್ತದೆ. ನಗರದ ಹಲವೆಡೆ ಉಚಿತವಾಗಿ ಕಾರು ನಿಲ್ಲಿಸಿ ಉಚಿತ ಬಸ್ಸಿನಲ್ಲಿ ಗೇಟಿನವರೆಗೆ ಬರುವ ವ್ಯವಸ್ಥೆಯಿದೆ. ನೀವು ಸೇಂಟ್ ಪಾಲ್‌ನಲ್ಲೇ ಇರುವುದರಿಂದ ಸ್ನೆಲಿಂಗ್ ಅವೆನ್ಯೂ ಮೇಲೆ ಓಡುವ ಎ ಲೈನ್ ಬಸ್ಸೂ ಅನುಕೂಲ. ಟಿಕೆಟ್ ಮುಂಗಡವಾಗಿ ಕೊಂಡರೆ ಅಗ್ಗ, ಹಿರಿಯರಿಗೆ ದರವೂ ಕಡಿಮೆ.

ಗಾಲಿಕುರ್ಚಿಗಳು ಒಳಗೆ ಬಾಡಿಗೆಗೆ ಸಿಗುತ್ತವೆ, ಆದರೆ ತಾಯಿಯವರು ಒಪ್ಪದಿದ್ದರೆ ದಿನದ ಆಕಾರವನ್ನೇ ಅವರಿಗೆ ತಕ್ಕಂತೆ ಬದಲಿಸಿ. ಒಂದು ಗಂಟೆ ನಡೆದ ಮೇಲೆ ಅರ್ಧ ಗಂಟೆ ಕೂರುವ ಕೆಲಸ ಬರಲಿ: ಮೊದಲು ತೀರ್ಪಿನ ಅಂಗಳ, ಮಧ್ಯಾಹ್ನ ಯಾವುದಾದರೊಂದು ಉಚಿತ ವೇದಿಕೆಯ ಸಂಗೀತ, ಆಮೇಲೆ ತಲೆಯ ಮೇಲೆ ಹಾದುಹೋಗುವ ಸ್ಕೈರೈಡ್. ಅದರಲ್ಲಿ ಕುಳಿತರೆ ನಡೆಯದೆಯೇ ಮೇಳದ ದೊಡ್ಡ ಭಾಗ ಕಾಣುತ್ತದೆ. ಬಿಸಿಲು ಹೆಚ್ಚಾದರೆ ಓಲ್ಡ್ ಮಿಲ್‌ಗೆ ಹೋಗಿ. 1915ರಿಂದ ಇರುವ, ಇಲ್ಲಿನ ಅತ್ಯಂತ ಹಳೆಯ ಸವಾರಿ ಅದು, ಕತ್ತಲಿನ ತಂಪು ಕಾಲುವೆಯಲ್ಲಿ ದೋಣಿ ನಿಧಾನವಾಗಿ ಸಾಗುತ್ತದೆ. ದೋಣಿ ಹತ್ತಿ ಇಳಿಯುವಾಗ ಮಾತ್ರ ತಾಯಿಯವರ ಕೈ ಹಿಡಿಯಬೇಕಾಗಬಹುದು.

ನಾಲ್ಕು ಗಂಟೆಯ ನಂತರ ಕೆಲಸ ಮುಗಿಸಿ ಬರುವವರ ಗುಂಪು ಸೇರಿಕೊಳ್ಳುತ್ತದೆ. ಏಳಕ್ಕೇ ಒಳಬಂದವರು ಆ ಹೊತ್ತಿಗೆ ಹೊರಡುವುದೇ ಸರಿ. ಮರಳುವ ಬಸ್ಸಿನಲ್ಲಿ ಆಗ ಕೂರಲು ಜಾಗವೂ ಸಿಗುತ್ತದೆ. ಯಾವ ಗೇಟಿನ ಯಾವ ನಿಲ್ದಾಣದಲ್ಲಿ ಇಳಿದಿರೆಂಬುದನ್ನು ಬೆಳಿಗ್ಗೆಯೇ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ, ಏಕೆಂದರೆ ಬೇರೆ ಬೇರೆ ದಿಕ್ಕಿನ ಬಸ್ಸುಗಳು ಬೇರೆ ಬೇರೆ ಗೇಟಿನಿಂದ ಹೊರಡುತ್ತವೆ.